ಫೈಲಿಯಲ್ಲಿ ತಿದ್ದಿದ ಉತ್ತರಪತ್ರಿಕೆಗಳು

"ಯಾಕೆ ವಾಪಸ್ ಬಂದೆ ಅಂತ ನಾನು ಯಾವತ್ತೂ ಕೇಳಲ್ಲ, ಡಿಲಿಸ್. ನಿನ್ನನ್ನೂ ಕೇಳಲ್ಲ, ಬೇರೆ ಯಾರನ್ನೂ ಕೇಳಲ್ಲ."

ಲಯನೆಲ್ ಹ್ಯಾಡೊ ಈ ಮಾತು ಕೊಟ್ಟದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಜೂನ್ ತಿಂಗಳ ಒಂದು ಸಂಜೆ, ಥಾರ್ನ್‌ಬಿಯ ತನ್ನ ಮನೆಯ ಹಿಂಬಾಗಿಲಲ್ಲಿ, ಪಾತ್ರೆ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು. ಹೊರಗೆ ಮೆಟ್ಟಿಲ ಮೇಲೆ ಅವನ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಸಣ್ಣ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ವಿಶ್ವವಿದ್ಯಾಲಯದ ಮುದ್ರೆಯಿದ್ದ ದಪ್ಪ ಬಟ್ಟೆಯ ಚೀಲ. ಚೀಲದ ತುಂಬ ಎರಡನೇ ವರ್ಷದ ಲ್ಯಾಟಿನ್ ಉತ್ತರಪತ್ರಿಕೆಗಳು. ಗಂಡನನ್ನೂ ಏಳು ವರ್ಷದ ಮಗಳನ್ನೂ ಬಿಟ್ಟು, ತಾನು ಪಾಠ ಮಾಡುವ ಲ್ಯಾಟಿನ್ ವಿಭಾಗದಲ್ಲಿ ಪಕ್ಕದ ಕೋಣೆಯ ಮೇಷ್ಟ್ರ ಜೊತೆ ಸಮುದ್ರತೀರದ ಊರು ಫೈಲಿಗೆ ಹೊರಟುಹೋಗುವಾಗಲೂ ಅವಳು ಆ ಚೀಲವನ್ನು ಬಿಟ್ಟು ಹೋಗಿರಲಿಲ್ಲ. ಬೇರೆ ಯಾವ ಕಸುಬಿನವರೂ ಹೀಗೆ ಮನೆ ಬಿಟ್ಟು ಹೋಗಲಾರರು. ಆದರೆ ಜೂನ್ ಎಂದರೆ ಪರೀಕ್ಷೆಯ ತಿಂಗಳು. ಮೇಷ್ಟ್ರ ಸಂಸಾರ ಮುಳುಗಿದರೂ ಮಕ್ಕಳ ಪತ್ರಿಕೆ ತಿದ್ದಿ ಮುಗಿಯಬೇಕು, ಪರೀಕ್ಷಕರ ಸಭೆಯ ಹೊತ್ತಿಗೆ ಅಂಕ ಸಿದ್ಧವಾಗಿರಬೇಕು.

"ಎಲ್ಲಾ ತಿದ್ದಿ ಆಯ್ತು," ಎಂದಿದ್ದಳು ಡಿಲಿಸ್. ವಾಪಸ್ ಬಂದವಳ ಮೊದಲ ಮಾತು ಅದು. ಎರಡನೆಯದು ಮಗಳ ಬಗ್ಗೆ, "ನೆಸ್ಟ ಊಟ ಮಾಡಿದ್ಲಾ?"

ಆಗಲೇ ಲಯನೆಲ್ ಮಾತು ಕೊಟ್ಟದ್ದು. ಅವಳೇನೂ ಬೇಡಿರಲಿಲ್ಲ. ಅವನಿಗೆ ಅದು ದೊಡ್ಡ ಮನಸ್ಸಿನ ಮಾತಾಗಿ ತೋರಿತ್ತು. ಡಿಲಿಸ್ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, "ಸರಿ ಹಾಗಾದ್ರೆ," ಎಂದು ಅವನ ಪಕ್ಕದಿಂದ ಒಳಗೆ ಹೋದಳು. ಅವಳಿಗೆ ಸಮಾಧಾನವಾಯಿತು ಎಂದೇ ಅವನು ಅಂದುಕೊಂಡ.

ಅವನು ಇತಿಹಾಸದ ಮೇಷ್ಟ್ರು. ಮಧ್ಯಯುಗದ ಮಠಗಳ ಬಗ್ಗೆ ಪಾಠ ಮಾಡುತ್ತಿದ್ದವನು. ಇದನ್ನು ಹೇಳಿದವರು ಯಾರು, ಯಾರಿಗಾಗಿ ಹೇಳಿದರು, ಅವರಿಗೆ ಹೇಗೆ ಗೊತ್ತಿತ್ತು ಎಂದು ಕೇಳುವುದನ್ನೇ ಜೀವಮಾನವಿಡೀ ಹುಡುಗರಿಗೆ ಕಲಿಸಿದವನು. ಮನೆಯಲ್ಲಿ ಮಾತ್ರ ಒಂದು ಪ್ರಶ್ನೆಯನ್ನು ಎತ್ತಲಿಲ್ಲ. ಎತ್ತದಿದ್ದರೂ ಅದು ಹೋಗಲಿಲ್ಲ. ಚಪ್ಪಲಿಯೊಳಗೆ ಸೇರಿದ ಸಣ್ಣ ಕಲ್ಲಿನ ಹಾಗೆ, ನಡೆಯುವಾಗೆಲ್ಲ ಇತ್ತು. ಅವನ ಹತ್ತಿರ ಇದ್ದದ್ದು ಎರಡು ಸಾಕ್ಷಿ. ಒಂದು, ಆ ಚೀಲ. ಅವಳು ಬಂದದ್ದು ಗಂಡನಿಗಾಗಿಯೋ, ಮಗಳಿಗಾಗಿಯೋ, ಇಲ್ಲಾ ಮಾರನೆಯ ದಿನ ಅಂಕ ಒಪ್ಪಿಸಬೇಕಿತ್ತು ಎಂದೋ? ಇನ್ನೊಂದು, ಪೈಗಳು. ಹೋಗುವ ಮೊದಲು ಅವಳು ಕುರಿಮಾಂಸ, ಆಲೂಗಡ್ಡೆ ಹಾಕಿ ಪೈ ಬೇಯಿಸಿ, ಒಂದೊಂದರ ಮೇಲೂ ವಾರದ ಹೆಸರು ಅಂಟಿಸಿ ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟಿದ್ದಳು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ಶುಕ್ರವಾರದ ಪೈ ಇರಲಿಲ್ಲ. ಗುರುವಾರ ಸಂಜೆ ಅವಳು ಬಂದಿದ್ದಳು. ಬರುವುದೆಂದು ಮೊದಲೇ ನಿಶ್ಚಯಿಸಿದ್ದಳೇ? ಅಥವಾ ಶುಕ್ರವಾರದ ಹೊತ್ತಿಗೆ ಗಂಡಸು ಒಂದು ಮೊಟ್ಟೆ ಬೇಯಿಸುವುದನ್ನಾದರೂ ಕಲಿತಾನು ಎಂದುಕೊಂಡಿದ್ದಳೇ? ಅಥವಾ ಅಷ್ಟು ಹೊತ್ತಿಗೆ ಮಾಂಸ ಮುಗಿದಿತ್ತೇ?

ಇಷ್ಟನ್ನು ಇಟ್ಟುಕೊಂಡು ಅವನು ನಲವತ್ತು ವರ್ಷ ಸಂಸಾರ ಮಾಡಿದ. ಕೆಟ್ಟ ಸಂಸಾರವಲ್ಲ. ಇಬ್ಬರೂ ನಿವೃತ್ತರಾದರು. ನೆಸ್ಟ ದೊಡ್ಡವಳಾಗಿ, ಆಸ್ಪತ್ರೆಯಲ್ಲಿ ನರ್ಸಾಗಿ, ಮದುವೆಯಾಗಿ, ಎರಡು ಮಕ್ಕಳ ತಾಯಿಯಾದಳು. ಐದು ವರ್ಷದ ಹಿಂದೆ ಡಿಲಿಸ್ ತೀರಿಕೊಂಡಳು.

ಈ ವರ್ಷ ವಸಂತದಲ್ಲಿ ಒಬ್ಬ ಹೆಂಗಸು ಫೋನು ಮಾಡಿ, ಮುಂದಿನ ವಾರ ನಿಂಬೆಹಣ್ಣಿನ ಕೇಕು ಹಿಡಿದುಕೊಂಡು ಬಂದಳು. ಐವತ್ತು ದಾಟಿದವಳು. ಅಡುಗೆಮನೆಯ ಮೇಜಿನ ಮುಂದೆ ಕೂತು, ಕೋಟನ್ನೂ ತೆಗೆಯದೆ ಹೇಳಿದಳು.

"ನನ್ನ ಹೆಸರು ಇಮೋಜನ್. ನಾನು ಕಾನ್ರಾಡ್ ಬೀಲ್ ಅವರ ಮಗಳು."

"ಗೊತ್ತಾಯ್ತು," ಎಂದ ಲಯನೆಲ್. "ಅದೇ ಗದ್ದ. ನಿಮ್ಮಪ್ಪನಿಗೆ ಅದು ಒಪ್ತಿತ್ತು."

"ನನಗೆ ಒಪ್ಪಲ್ಲ ಅಂತ ನನ್ನ ಗಂಡನೂ ಹೇಳ್ತಾರೆ."

ಫೈಲಿಗೆ ಡಿಲಿಸ್‌ಳನ್ನು ಕರೆದುಕೊಂಡು ಹೋದವನು ಆ ಕಾನ್ರಾಡ್ ಬೀಲ್. ಮಗಳು ಈಗ ಟೆಲಿವಿಷನ್‌ಗೆ ನಾಟಕ ಬರೆಯುವವಳು. ಅವಳು ವಿಷಯಕ್ಕೆ ಬಂದಳು: ನಾಲ್ಕು ಕಂತಿನ ಒಂದು ನಾಟಕ. ಇಬ್ಬರು ಮೇಷ್ಟ್ರುಗಳ ಸಂಬಂಧದ ಕತೆ. ಹೆಸರು ಬದಲು, ಊರು ಬದಲು, ಲ್ಯಾಟಿನ್ ಬದಲು ಸಸ್ಯಶಾಸ್ತ್ರ. ಆದರೆ ಕತೆ ಅದೇ. ಅಪ್ಪ ಹ್ಯಾರೊಗೇಟ್‌ನ ವೃದ್ಧರ ಮನೆಯಲ್ಲಿದ್ದಾರೆ, ಅವರು ಹೇಳಿದ್ದನ್ನೆಲ್ಲ ಸೇರಿಸಿದ್ದೇನೆ. ಚಿತ್ರೀಕರಣಕ್ಕೆ ಮೊದಲು ನಿಮಗೆ ಹೇಳದೆ ಇರಲು ಮನಸ್ಸು ಬರಲಿಲ್ಲ ಎಂದಳು.

"ನಾನು ಬೇಡ ಅಂದ್ರೆ ನಿಲ್ಲಿಸ್ತೀಯಾ?"

ಇಮೋಜನ್ ಸ್ವಲ್ಪ ಯೋಚಿಸಿದಳು. "ಇಲ್ಲ. ಆದ್ರೆ ತುಂಬ ಬೇಜಾರಾಗತ್ತೆ."

"ನಿಜ ಹೇಳಿದ್ಯಲ್ಲ. ಕೋಟು ತೆಗಿ, ಟೀ ಕುಡಿ."

ಅವನು ಓದಲು ಒಪ್ಪಿಕೊಂಡ. ತಪ್ಪು ಕಂಡರೆ ತಿದ್ದುತ್ತೇನೆ, ಅಭಿಪ್ರಾಯ ಹೇಳುವುದಿಲ್ಲ ಎಂದ. ಅಭ್ಯಾಸ ಹೋಗಬೇಕಲ್ಲ. ಮೂರು ಕಂತುಗಳ ಹಸ್ತಪ್ರತಿಯನ್ನು ಅಂಚಿನ ತುಂಬ ಕೆಂಪು ಗೆರೆ ಹಾಕಿ ಇಟ್ಟುಕೊಂಡ. ಅವಳು ಮತ್ತೆ ಬಂದಾಗ ಪಾಠ ಶುರುವಾಯಿತು.

"ಇಲ್ಲಿ ಎಲ್ರೂ ಕಪ್ಪು ನಿಲುವಂಗಿ ಹಾಕ್ಕೊಂಡು ಓಡಾಡ್ತಾರೆ. ಇದೇನು ನಮ್ಮ ಊರಾ, ಇಲ್ಲಾ ಚರ್ಚಾ? ನಮ್ಮಲ್ಲಿ ಸ್ವೆಟರು ಅಷ್ಟೇ. ಮೊಣಕೈಲಿ ತೂತು."

"ತೂತು," ಎಂದು ಬರೆದುಕೊಂಡಳು ಇಮೋಜನ್.

"ವೈನೂ ಇಲ್ಲ. ಯಂತ್ರದ ಕಾಫಿ. ಸೂಪಿನ ಬಟನ್ ಒತ್ತಿದ್ರೂ ಕಾಫಿನೇ ಬರ್ತಿತ್ತು, ಕಾಫಿ ಒತ್ತಿದ್ರೆ ಸೂಪು ವಾಸನೆ. ಆಮೇಲೆ ಈ ಗೆರಾಲ್ಡ್ ಅನ್ನೋನು."

ಗೆರಾಲ್ಡ್ ಎಂದರೆ ನಾಟಕದ ಗಂಡ. ಇಮೋಜನ್ ಟೀ ಕಪ್ಪನ್ನು ನೋಡತೊಡಗಿದಳು.

"ಮೂರು ಕಂತಲ್ಲೂ ಗಿಡಕ್ಕೆ ನೀರು ಹಾಕೋದು ಬಿಟ್ಟು ಇವನು ಬೇರೇನೂ ಮಾಡಲ್ವಲ್ಲಮ್ಮ?"

"ಅದು... ಅವನ ಒಂಟಿತನ ತೋರಿಸ್ಬೇಕಿತ್ತು."

"ನಮ್ಮನೇಲಿ ಗಿಡನೇ ಇರ್ಲಿಲ್ಲ."

ಮುಂದಿನ ಕರಡಿನಲ್ಲಿ ಗಿಡ ಹೋಗಿ ಗೆರಾಲ್ಡನಿಗೆ ಒಂದು ನಾಯಿ ಬಂತು.

ನಂತರ ಅವನು ಪರೀಕ್ಷೆಯ ದೃಶ್ಯಕ್ಕೆ ಬಂದ. ಪ್ರತಿ ಪತ್ರಿಕೆಯನ್ನೂ ಇಬ್ಬರು ತಿದ್ದಬೇಕು, ಒಬ್ಬರ ಅಂಕ ಇನ್ನೊಬ್ಬರಿಗೆ ಗೊತ್ತಾಗಬಾರದು, ಕೊನೆಗೆ ಇಬ್ಬರೂ ಎದುರುಬದುರು ಕೂತು ತಮ್ಮತಮ್ಮ ಅಂಕ ಓದಿ ಹೇಳಿ, ಹೆಚ್ಚುಕಮ್ಮಿ ಇದ್ದಲ್ಲಿ ಚರ್ಚೆ ಮಾಡಿ ಒಂದಕ್ಕೆ ಒಪ್ಪಬೇಕು ಎಂದು ವಿವರಿಸಿದ.

"ಇಷ್ಟೆಲ್ಲ ನಾಟಕಕ್ಕೆ ಬೇಕಾಗತ್ತಾ?"

"ನಿಮ್ಮಪ್ಪನೂ ನನ್ನ ಹೆಂಡತಿಯೂ ಹತ್ತಿರ ಆದದ್ದೇ ಹಾಗೆ," ಎಂದ ಲಯನೆಲ್. "ಪ್ರತಿ ಜೂನ್‌ನಲ್ಲಿ. ಆ ಕೋಣೇಲಿ, ಊಟದ ಮೇಜಿನ ಮೇಲೆ. ಇವಳು ಅರವತ್ತು ಅನ್ನೋಳು, ಅವನು ಐವತ್ತೈದು ಅನ್ನೋನು. ಒಂದು ವಾಕ್ಯಕ್ಕೋಸ್ಕರ ಅರ್ಧ ಗಂಟೆ ವಾದ. ನಗು. ನಾನೇ ಟೀ ಮಾಡಿ ಕೊಟ್ಟು ಬಾಗಿಲು ಹಾಕ್ಕೊಂಡು ಬರ್ತಿದ್ದೆ, ಮಗು ಹೋಗಿ ತೊಂದರೆ ಕೊಡಬಾರದು ಅಂತ."

ಇಮೋಜನ್ ಏನೂ ಬರೆದುಕೊಳ್ಳಲಿಲ್ಲ.

"ಇನ್ನೊಂದು. ಅವಳು ಮನೆ ಬಿಟ್ಟು ಹೋಗೋವಾಗ ಬರೀ ಸೂಟ್‌ಕೇಸು ತೋರಿಸಿದ್ದೀಯ. ತಿದ್ದಬೇಕಾದ ಪತ್ರಿಕೆಗಳ ಚೀಲನೂ ಇತ್ತು."

"ಚೀಲನಾ? ಅಪ್ಪ ಅದನ್ನ ಹೇಳೇ ಇಲ್ಲ."

"ನಾನು ಹೇಳ್ತಿದ್ದೀನಲ್ಲ."

ಅವಳು ಬರೆದುಕೊಂಡಳು. "ನಾಲ್ಕನೇದು ಇನ್ನೂ ಬರೀತಿದ್ದೀನಿ," ಎಂದಳು ಹೋಗುವಾಗ, ಬಾಗಿಲಲ್ಲಿ ನಿಂತು. ನಾಲ್ಕನೆಯ ಕಂತೆಂದರೆ ಫೈಲಿ. ಅವನು ಏನಾದರೂ ಕೇಳಲಿ ಎಂಬಂತೆ ಸ್ವಲ್ಪ ಹೊತ್ತು ನಿಂತಿದ್ದಳು. ನಾಲಿಗೆಯ ತುದಿಗೆ ಬಂದದ್ದನ್ನು ಲಯನೆಲ್ ನುಂಗಿಕೊಂಡ. "ಕೇಕಿನ ಡಬ್ಬಿ ಮರೀಬೇಡ," ಎಂದ.

ಅಕ್ಟೋಬರಿನಲ್ಲಿ ನಾಟಕ ಶುರುವಾಯಿತು. ಭಾನುವಾರ ರಾತ್ರಿ ಊಟವಾದ ಮೇಲೆ. ಅಂಥದ್ದನ್ನು ಎಲ್ಲರೂ ನೋಡುತ್ತಾರೆ, ನೋಡಿ ಸೋಮವಾರ ಬೈಯುತ್ತಾರೆ. ಪಕ್ಕದ ಮನೆಯ ಡೋರಿನ್ ಬೇಲಿಯ ಮೇಲಿಂದ ಕತ್ತು ಚಾಚಿದಳು. ಬಸ್ ಕಂಪನಿಯಲ್ಲಿ ಟಿಕೆಟ್ ಕೊಡುತ್ತಿದ್ದವಳು, ಈಗ ಬಿಡುವಾಗಿದ್ದಾಳೆ.

"ಪ್ರೊಫೆಸರ್ರೇ, ನಾವು ತೆರಿಗೆ ಕಟ್ಟಿದ್ದು ಇದಕ್ಕಾ? ಓದಿಸೋದು ಯಾವಾಗ ಇವ್ರು?"

"ನಡುನಡುವೆ ಓದಿಸ್ತಿದ್ವಿ, ಡೋರಿನ್."

"ಆ ಗಂಡ ಇದ್ದಾನಲ್ಲ ನಾಯಿಯೋನು. ಅವನನ್ನ ಕಂಡ್ರೆ ಅಯ್ಯೋ ಅನ್ಸತ್ತೆ. ಎರಡು ಬಾರಿಸಬಾರದಾ ಅನ್ಸತ್ತೆ."

"ಹೆಂಡತಿಗಾ?"

"ಅವನಿಗೆ," ಎಂದಳು ಡೋರಿನ್. "ಎದ್ದು ಒಂದು ಮಾತು ಕೇಳಬಾರದಾ ಬಾಯಿ ಬಿಟ್ಟು?"

ನೆಸ್ಟ ಭಾನುವಾರಗಳಂದು ಬರುತ್ತಿದ್ದಳು. ಆಸ್ಪತ್ರೆಯ ಪಾಳಿ ಮುಗಿಸಿ, ಮಕ್ಕಳ ಹಸಿ ಬಟ್ಟೆಯ ಬುಟ್ಟಿ ಹೊತ್ತುಕೊಂಡು. ಅವಳ ಮನೆಯ ಒಣಗಿಸುವ ಯಂತ್ರ ಕೆಟ್ಟು ತಿಂಗಳಾಗಿತ್ತು, ಸರಿಮಾಡಿಸಲು ಪುರುಸೊತ್ತಿರಲಿಲ್ಲ. ಅಪ್ಪನಿಗೆ ವಾರದ ಊಟವನ್ನು ಡಬ್ಬಿಗಳಲ್ಲಿ ತುಂಬಿಟ್ಟು, ಟಿವಿಯ ಮುಂದೆ ಕೂತು ಕಾಲುಚೀಲ ಜೋಡಿಸುತ್ತಿದ್ದಳು. ನಾಟಕ ಯಾರ ಕತೆಯೆಂದು ಲಯನೆಲ್ ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು, ತನಗೆ ಏಳು ವರ್ಷವಾಗಿದ್ದಾಗ ಅಮ್ಮ ಕೆಲವು ದಿನ ವೇಲ್ಸ್‌ಗೆ, ಹುಷಾರಿಲ್ಲದ ಅಜ್ಜಿಯ ಮನೆಗೆ ಹೋಗಿದ್ದಳು ಎಂದು.

ಮೂರನೆಯ ಕಂತಿನಲ್ಲಿ ನಾಟಕದ ಹೆಂಗಸು ಹೊರಡುವ ಮೊದಲು ಫ್ರಿಜ್ಜಿನ ಬಾಗಿಲು ತೆರೆದು, ಪೈಗಳ ಮೇಲೆ ವಾರಗಳ ಹೆಸರು ಅಂಟಿಸಿದಳು. ನೆಸ್ಟಳ ಕೈ ನಿಂತಿತು. ಒಂದು ಕಾಲುಚೀಲ ಬೆರಳಿಗೆ ಸಿಕ್ಕಿಕೊಂಡೇ ಇತ್ತು.

"ಅಪ್ಪ."

"ಹೂಂ."

"ಬುಧವಾರದ್ದರಲ್ಲಿ ಬಟಾಣಿ ಇತ್ತು. ನಾನು ಬೇಡ ಅಂತ ಅತ್ತಿದ್ದೆ. ನೀನು ಒಂದೊಂದೇ ಆರಿಸಿ ತೆಗೆದಿದ್ದೆ."

ಲಯನೆಲ್ ಟಿವಿಯ ಸದ್ದು ಕಡಿಮೆ ಮಾಡಿದ. ಇನ್ನು ಹೇಳಲೇಬೇಕಿತ್ತು. ಎಲ್ಲವನ್ನೂ ಹೇಳಿದ, ಹೇಳುವುದು ಹೆಚ್ಚೇನೂ ಇರಲಿಲ್ಲ. ನೆಸ್ಟ ಅಳಲಿಲ್ಲ. ಬುಟ್ಟಿಯನ್ನು ಕಾಲಿನಿಂದ ಆಚೆ ತಳ್ಳಿದಳು.

"ನಾನು ಅಜ್ಜಿಗೆ ಬೇಗ ಹುಷಾರಾಗು ಅಂತ ಕಾರ್ಡು ಬರೆದು ಕಳಿಸಿದ್ದೆ. ಅಜ್ಜಿ ಫೋನ್ ಮಾಡಿ, ಯಾರು ಕಂದ ನನಗೆ ಹುಷಾರಿಲ್ಲ ಅಂದೋರು ಅಂದ್ರು. ದೊಡ್ಡೋರು ಮರೀತಾರೆ ಅಂದ್ಕೊಂಡೆ ನಾನು." ಕೈಯಲ್ಲಿದ್ದ ಕಾಲುಚೀಲ ಕೆಳಗಿಟ್ಟು, "ಅಮ್ಮ ಯಾಕೆ ವಾಪಸ್ ಬಂದಳು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಕೇಳ್ಲಿಲ್ವಾ?"

"ಕೇಳಲ್ಲ ಅಂತ ಮಾತು ಕೊಟ್ಟಿದ್ದೆ."

ನೆಸ್ಟ ಅವನನ್ನು ಬಹಳ ಹೊತ್ತು ನೋಡಿದಳು. ಗಾಯ ಬಿಚ್ಚಿ ನೋಡುವ ನರ್ಸಿನ ನೋಟ ಅದು. "ನೀವಿಬ್ರೂ ಎಷ್ಟು ಓದಿದ್ರಿ," ಎಂದಳಷ್ಟೇ. ಮತ್ತೆ ಕಾಲುಚೀಲ ಜೋಡಿಸತೊಡಗಿದಳು.

ಮುಂದಿನ ಭಾನುವಾರ ನಾಲ್ಕನೆಯ ಕಂತು. ಅಪ್ಪ ಮಗಳು ಅಕ್ಕಪಕ್ಕ ಕೂತು ನೋಡಿದರು. ಸಮುದ್ರದ ಎದುರಿನ ಒಂದು ಬಾಡಿಗೆ ಮನೆ. ಬೆಳಗಿನ ತಿಂಡಿಯ ಮೇಜು. ನಾಟಕದ ಗಂಡಸು ಟೋಸ್ಟಿಗೆ ಬೆಣ್ಣೆ ಸವರುತ್ತ, ಅವಳ ಮುಖ ನೋಡದೆ ಹೇಳಿದ: ನನ್ನ ಕೈಲಿ ಆಗಲ್ಲ. ನನಗೆ ನನ್ನ ಮಗಳು ಬೇಕು. ನೀನು ಮನೆಗೆ ಹೋಗು. ಅವಳು ಎದ್ದು ಸೂಟ್‌ಕೇಸನ್ನೂ ಪತ್ರಿಕೆಗಳ ಚೀಲವನ್ನೂ ಎತ್ತಿಕೊಂಡು ಹೋದಳು. ಕೊನೆಯಲ್ಲಿ ಗೆರಾಲ್ಡ್ ಬಾಗಿಲು ತೆರೆದ. ನಾಯಿ ಬಾಲ ಅಲ್ಲಾಡಿಸಿತು.

"ಹಾಗಾದ್ರೆ ಅವನೇ ಕಳಿಸಿದ," ಎಂದ ಲಯನೆಲ್.

"ಅಪ್ಪ, ಅದು ನಾಟಕ."

"ಪೈ ನಾಟಕ ಅಲ್ಲ, ನಿನ್ನಮ್ಮನೇ ಬೀಲ್‌ಗೆ ಹೇಳಿರ್ಬೇಕು. ಚೀಲ ನಾಟಕ ಅಲ್ಲ. ಎರಡೂ ನಿಜ. ಎರಡು ವಿಷಯದಲ್ಲಿ ನಿಜ ಹೇಳಿದೋರು ಮೂರನೇದರಲ್ಲಿ ಯಾಕೆ ಸುಳ್ಳು ಹೇಳ್ತಾರೆ?"

"ಚೀಲದ ವಿಷಯ ಅವಳಿಗೆ ಹೇಳಿದ್ದು ಯಾರು?"

ತಾನೇ ಕೊಟ್ಟ ಸಾಕ್ಷಿಯನ್ನು ಇನ್ನೊಬ್ಬರ ಬಾಯಿಂದ ಕೇಳಿ ನಂಬುವುದು ಎಷ್ಟು ದೊಡ್ಡ ತಪ್ಪೆಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದವನು ಅವನು. ಮೊದಲ ವರ್ಷದ ಹುಡುಗ ಹೀಗೆ ಬರೆದಿದ್ದರೆ ಅಂಚಿನಲ್ಲಿ ಕೆಂಪು ಗೆರೆ ಎಳೆಯುತ್ತಿದ್ದ. ಈಗ ಬುದ್ಧಿಗೆ ತಿಳಿದದ್ದು ಎದೆಗೆ ಇಳಿಯಲಿಲ್ಲ. ಡಿಲಿಸ್ ಬಂದದ್ದು ಬೇರೆಲ್ಲೂ ಹೋಗಲು ಜಾಗವಿಲ್ಲದ್ದರಿಂದ. ಇಷ್ಟು ವರ್ಷ ಎದುರಿಗೆ ಕೂತು ಪತ್ರಿಕೆ ಓದಿದ್ದು, ಅವನ ಚಳಿಗಾಲದ ಕೋಟಿಗೆ ಗುಂಡಿ ಹಾಕಿದ್ದು, ಮಂಡಿ ನೋವಿಗೆ ಎಣ್ಣೆ ಹಚ್ಚಿದ್ದು, ಎಲ್ಲವೂ ಬೇರೆಯವನು ಬೇಡವೆಂದದ್ದರಿಂದ. ಗೊತ್ತಿಲ್ಲದಿದ್ದಾಗ ಇದು ಒಂದು ಸಾಧ್ಯತೆ ಮಾತ್ರವಾಗಿತ್ತು. ಗೊತ್ತಿಲ್ಲದಿರುವುದರಲ್ಲಿ, ತನಗಾಗಿಯೂ ಬಂದಿರಬಹುದು ಎಂಬ ಒಂದು ಪಾಲು ಅವನಿಗೂ ಇತ್ತು.

ಆ ವಾರವಿಡೀ ಅವನು ಡಬ್ಬಿಗಳ ಊಟವನ್ನು ಅರ್ಧ ತಿಂದು ಬಿಟ್ಟ. ನೆನಪಿಗೆ ಮತ್ತೆ ಮತ್ತೆ ಬಂದದ್ದು ಫೈಲಿಯಲ್ಲ, ಡಿಲಿಸ್‌ಳ ಕೊನೆಯ ದಿನಗಳು. ಸಾಯುವವರನ್ನು ನೋಡಿಕೊಳ್ಳುವ ಆ ಮನೆಯ ಕಿಟಕಿಯಿಂದ ಒಂದು ಪೇರು ಮರ ಕಾಣುತ್ತಿತ್ತು. ಒಂದು ಮಧ್ಯಾಹ್ನ ನೋವು ಇಳಿದು, ಅವಳಿಗೆ ಹಳೆಯ ತುಂಟತನ ಮರಳಿತ್ತು. ದಿಂಬಿಗೆ ಒರಗಿ ಪರೀಕ್ಷಕರ ಧಾಟಿಯಲ್ಲಿ ಹೇಳಿದ್ದಳು, "ಹ್ಯಾಡೊ ಅವರೇ, ಅಭ್ಯರ್ಥಿಗೆ ನಿಮ್ಮಿಂದ ಇನ್ನೇನಾದರೂ ಪ್ರಶ್ನೆ ಇದೆಯಾ?"

ಅವನು ನಕ್ಕು ಅದೇ ಧಾಟಿಯಲ್ಲಿ ಹೇಳಿದ್ದ, "ಇಲ್ಲ. ಅಭ್ಯರ್ಥಿಯ ಉತ್ತರಗಳಿಂದ ಪರೀಕ್ಷಕರಿಗೆ ತೃಪ್ತಿಯಾಗಿದೆ."

"ಒಂದೂ ಇಲ್ವಾ?"

"ಒಂದೂ ಇಲ್ಲ."

ಅವಳು ಕಿಟಕಿಯ ಕಡೆ ತಿರುಗಿದ್ದಳು. "ಒಳ್ಳೇ ಮನುಷ್ಯ ನೀನು," ಎಂದಿದ್ದಳು ಮರವನ್ನು ನೋಡುತ್ತ. ಅವನಿಗೆ ಹೆಮ್ಮೆಯಾಗಿತ್ತು. ಕೊಟ್ಟ ಮಾತನ್ನು ಕೊನೆಯವರೆಗೂ ಉಳಿಸಿದ ಹೆಮ್ಮೆ. ಅವಳು ಆ ಮಾತನ್ನು ಯಾವ ದನಿಯಲ್ಲಿ ಹೇಳಿದಳೆಂಬುದು ಈಗ, ಖಾಲಿ ಅಡುಗೆಮನೆಯಲ್ಲಿ, ಅವನಿಗೆ ಕೇಳಿಸತೊಡಗಿತು.

ಅವನು ನೆಸ್ಟಳಿಗೆ ಫೋನು ಮಾಡಿದ. "ಹ್ಯಾರೊಗೇಟ್‌ಗೆ ಕರ್ಕೊಂಡು ಹೋಗ್ತೀಯಾ?"

"ಇಮೋಜನ್‌ಗೇ ಒಂದು ಫೋನು ಮಾಡಿದ್ರೆ ಆಗಲ್ವಾ? ಗುರುವಾರ ಒಂದೇ ದಿನ ಅಪ್ಪ ನನಗೆ ರಜೆ."

"ಕೇಳೋದೇ ಆದ್ರೆ ಅಲ್ಲಿದ್ದವನನ್ನ ಕೇಳಬೇಕು. ಕೇಳಿಸ್ಕೊಂಡು ಬರೆದವಳನ್ನಲ್ಲ."

"ಈಗ ನೆನಪಾಯ್ತು ನಿನಗೆ ಪಾಠ," ಎಂದಳು ನೆಸ್ಟ. ಆದರೆ ಗುರುವಾರ ಬಂದಳು. ದಾರಿಯುದ್ದಕ್ಕೂ ಹೆಚ್ಚು ಮಾತಿಲ್ಲ. ಒಂದು ಕಡೆ ಪೆಟ್ರೋಲಿಗೆ ನಿಲ್ಲಿಸಿದಾಗ, "ಅವನನ್ನ ಹೊಡೆಯೋ ಯೋಚನೆ ಇಲ್ಲ ತಾನೇ? ಇಬ್ಬರಲ್ಲಿ ಯಾರಿಗೆ ಮೂಳೆ ಮುರಿದ್ರೂ ಕೂಡಲ್ಲ ಈ ವಯಸ್ಸಲ್ಲಿ," ಎಂದಳು. ವೃದ್ಧರ ಮನೆಗೆ ಬಂದ ಮೇಲೆ ತಾನು ಕಾರಿನಲ್ಲೇ ಇರುತ್ತೇನೆಂದು ಸೀಟು ಹಿಂದಕ್ಕೆ ಸರಿಸಿ ಕಣ್ಣುಮುಚ್ಚಿದಳು.

ಕಾನ್ರಾಡ್ ಬೀಲ್ ಕಿಟಕಿಯ ಪಕ್ಕ ಗಾಲಿ ಕುರ್ಚಿಯಲ್ಲಿದ್ದ. ಮುಂದಿನ ತಟ್ಟೆಯಲ್ಲಿ ಅರ್ಧ ಮುಗಿದ ಕಸ್ಟರ್ಡ್. ಕೈ ನಡುಗುತ್ತಿತ್ತು, ಚಮಚ ತಟ್ಟೆಗೆ ತಾಗಿ ಟಕಟಕ ಸದ್ದಾಗುತ್ತಿತ್ತು. ಗದ್ದ ಮಾತ್ರ ಹಾಗೆಯೇ ಇತ್ತು.

"ಹ್ಯಾಡೊ," ಎಂದ. "ನೀನಿನ್ನೂ ಸತ್ತಿಲ್ವಾ?"

"ಸತ್ತಿದ್ದೆ. ನಿನ್ನ ಮಗಳು ಎಬ್ಬಿಸಿದಳು. ಗೆರಾಲ್ಡ್ ಅಂತ ಹೆಸರಿಟ್ಟು."

"ನಾಯಿ ಚೆನ್ನಾಗಿತ್ತು."

"ಹೌದು, ನಾಯಿ ಚೆನ್ನಾಗಿತ್ತು."

ಲಯನೆಲ್ ಎದುರಿನ ಕುರ್ಚಿಯಲ್ಲಿ ಕೂತ. ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡಿದರು. ಆ ಜೂನ್ ಆದ ಮೇಲೆ ಕಾನ್ರಾಡ್ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿದ್ದ. ಅವನ ಹೆಂಡತಿ ವಿಚ್ಛೇದನ ಕೊಟ್ಟಿದ್ದಳು. ಅಲ್ಲಿಂದೀಚೆಗೆ ಇವರಿಬ್ಬರೂ ಭೇಟಿಯಾಗಿರಲಿಲ್ಲ.

"ಡಿಲಿಸ್ ಹೋದದ್ದು ಪತ್ರಿಕೇಲಿ ನೋಡಿದೆ," ಎಂದ ಕಾನ್ರಾಡ್. "ಬರೀಬೇಕು ಅಂದ್ಕೊಂಡೆ. ಏನಂತ ಬರೀಲಿ?"

"ಬರೀದೇ ಇದ್ದದ್ದೇ ಒಳ್ಳೇದಾಯ್ತು."

"ಹೂಂ."

ಲಯನೆಲ್ ಬಂದ ಕೆಲಸಕ್ಕೆ ಕೈಹಾಕಿದ. ದಾರಿಯಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡಿದ್ದ, ಈಗ ಒಂದೂ ನೆನಪಾಗಲಿಲ್ಲ. "ಫೈಲಿಯಿಂದ ಅವಳು ಯಾಕೆ ವಾಪಸ್ ಬಂದಳು, ಬೀಲ್? ನೀನು ಹೋಗು ಅಂದ್ಯಾ?"

ಚಮಚದ ಸದ್ದು ನಿಂತಿತು. ಕಾನ್ರಾಡ್ ಅದನ್ನು ತಟ್ಟೆಯಲ್ಲಿ ಇಟ್ಟು, ನಡುಗುವ ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡ.

"ಅದನ್ನ ನೀನು ನನ್ನ ಕೇಳ್ತಿದ್ದೀಯಾ?"

"ನಾಟಕದಲ್ಲಿ..."

"ನಾಟಕದಲ್ಲಿ ಏನಾದ್ರೂ ಇರಲಿ. ಅಪ್ಪ, ಏನಾದ್ರೂ ಒಂದು ಕಾರಣ ಕೊಡದಿದ್ರೆ ಜನ ಒಪ್ಪಲ್ಲ ಅಂದಳು ಇಮೋಜನ್. ನಿನಗೆ ಬೇಕಾದ್ದು ಬರ್ಕೋ ಅಂದೆ. ಅವಳು ಬರ್ಕೊಂಡಿದ್ದು, ಅವಳಪ್ಪನಿಗೆ ಅವಳು ಬೇಕಾಗಿದ್ದಳು ಅಂತ." ಅವನು ಕಿಟಕಿಯಾಚೆ ನೋಡಿದ. "ಪಾಪ. ನಾನು ಹಾಗೆ ಅಂದಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

"ಮತ್ತೆ?"

"ಮತ್ತೆ ಏನು? ನಾವಿದ್ದಷ್ಟು ದಿನ ಅವಳು ಪತ್ರಿಕೆ ತಿದ್ದಿದಳು ಕಣಯ್ಯ. ಕಿಟಕಿ ಹತ್ರ ಒಂದು ಸಣ್ಣ ಮೇಜು, ಅದರ ಮೇಲೆ. ನಾನು ಬಾ, ಸಮುದ್ರ ನೋಡೋಣ ಅಂದ್ರೆ, ಪಾಪ ಮಕ್ಕಳು ಮೂರು ಗಂಟೆ ಕೂತು ಬರೆದಿದ್ದಾರೆ ಅನ್ನೋಳು. ನಾನೊಬ್ಬನೇ ಮರಳಲ್ಲಿ ಓಡಾಡಿ ಬಂದೆ. ಆದ್ರೆ ಖುಷಿಯಾಗೇ ಇದ್ದಳು. ಅಥವಾ ನನಗೆ ಹಾಗೆ ಕಾಣ್ತಿತ್ತು. ಕೊನೇ ದಿನ ಬೆಳಿಗ್ಗೆ ಕೊನೇ ಪತ್ರಿಕೆ ಮುಗಿಸಿ, ಪೆನ್ನಿನ ಟೋಪಿ ಹಾಕಿದಳು. ನಾನು ಪೇಪರ್ ತರೋಕೆ ಹೋದೆ. ಬರೋ ಹೊತ್ತಿಗೆ ಹಾಸಿಗೆ ಸರಿ ಮಾಡಿತ್ತು. ಚೀಲ ಇರ್ಲಿಲ್ಲ."

"ಏನೂ ಹೇಳ್ಲಿಲ್ವಾ?"

"ಒಂದಕ್ಷರ ಇಲ್ಲ."

"ಆಮೇಲೆ ನೀನು ಕೇಳ್ಲಿಲ್ವಾ?"

ಕಾನ್ರಾಡ್ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. "ಮಾರನೇ ದಿನ ನಾವಿಬ್ರೂ ಅಂಕ ಒಪ್ಪಿಸ್ಬೇಕಿತ್ತಲ್ಲ. ನಾನು ಇನ್ನೊಬ್ಬ ಪರೀಕ್ಷಕ, ನನ್ನ ಪಾಲು ಹೊರಡೋ ಮೊದಲೇ ತಿದ್ದಿ ಆಗಿತ್ತು. ವಿಭಾಗದ ಆಫೀಸಲ್ಲಿ, ಎದುರುಬದುರು. ಪಕ್ಕದಲ್ಲಿ ಟೈಪ್ ಮಾಡೋ ಹೆಂಗಸು. ಡಿಲಿಸ್ ಓದಿದಳು, ಅರವತ್ತೆರಡು. ನಾನು ಅಂದೆ ಐವತ್ತೆಂಟು. ಅರವತ್ತು ಮಾಡೋಣ್ವಾ ಅಂದಳು. ಮಾಡೋಣ ಅಂದೆ. ಹಾಗೆ ಇಡೀ ಕಟ್ಟು ಮುಗೀತು. ಯಾವುದಕ್ಕೂ ವಾದ ಇಲ್ಲ. ಅವಳು ಹೇಳಿದ್ದಕ್ಕೆಲ್ಲ ಹೂಂ ಅಂದೆ. ಎದ್ದು, ಥ್ಯಾಂಕ್ಯೂ ಕಾನ್ರಾಡ್, ಅಂದಳು. ನಾವು ಮಾತಾಡಿದ್ದು ಅದೇ ಕೊನೆ."

ದೂರದಲ್ಲಿ ಯಾರೋ ಟಿವಿಯ ಸದ್ದು ಹೆಚ್ಚು ಮಾಡಿದರು. ಇನ್ಯಾರೋ ಕಡಿಮೆ ಮಾಡಿದರು.

"ನೀನು ಯಾವತ್ತಾದ್ರೂ ಸಿಕ್ಕಿದ್ರೆ ಕೇಳ್ಬೇಕು ಅಂತ ನಾನು ಇಟ್ಕೊಂಡಿದ್ದೆ," ಎಂದ ಕಾನ್ರಾಡ್. "ಬಾಗಿಲಲ್ಲಿ ನಿನ್ನನ್ನ ನೋಡಿದ ಕೂಡಲೇ ಅಂದ್ಕೊಂಡೆ, ಹೇಳೋಕೆ ಬಂದ ಅಂತ. ಗಂಡನಿಗೆ ಹೇಳದೇ ಇರ್ತಾಳಾ?"

"ನನಗೂ ಹೇಳ್ಲಿಲ್ಲ."

"ಅಷ್ಟು ವರ್ಷ ಒಂದೇ ಮನೇಲಿದ್ರಿ. ಒಂದ್ಸಲನೂ ಕೇಳ್ಲಿಲ್ಲ?"

"ಕೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಅವಳು ಮಾತು ಕೊಡು ಅಂದಿದ್ದಳಾ?"

"ಇಲ್ಲ," ಎಂದ ಲಯನೆಲ್. "ನಾನೇ ಕೊಟ್ಟೆ."

ಕಾನ್ರಾಡ್ ತಟ್ಟೆಯನ್ನು ಆಚೆ ಸರಿಸಿದ. "ನಾನು ನಿನ್ನ ಮನೆ ಮುರಿಯೋಕೆ ಬಂದೋನು, ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋ ಹಕ್ಕು ನನಗಿಲ್ಲ," ಎಂದ. "ಆದ್ರೂ ಸಿಟ್ಟು ಬರತ್ತೆ ಹ್ಯಾಡೊ. ನನಗೆ ಕೇಳೋಕೆ ಯಾರೂ ಇರ್ಲಿಲ್ಲ. ನಿನ್ನ ಉತ್ತರ ನಿನ್ನ ಎದುರಿಗೇ ಕೂತು ದಿನಾ ಟೀ ಕುಡೀತಿತ್ತು."

ಲಯನೆಲ್‌ಗೆ ಆ ಹಿಂಬಾಗಿಲು ಕಾಣಿಸಿತು. ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆದ ಡಿಲಿಸ್. ಆಗ ಅವಳಿಗೆ ಮೂವತ್ತಾರು ವರ್ಷ. ರೈಲಿನಲ್ಲಿ ದಾರಿಯುದ್ದಕ್ಕೂ ಏನನ್ನೋ ಹೇಳಲು ಜೋಡಿಸಿಕೊಂಡು ಬಂದವಳ ಮುಖ. ಪಾತ್ರೆ ಒರೆಸುವ ಬಟ್ಟೆ ಹಿಡಿದ ಒಬ್ಬ ಒಳ್ಳೆಯ ಮನುಷ್ಯ ಅವಳ ಬಾಯಿ ಮುಚ್ಚಿಸಿದ್ದ.

ಸಿ‌ಬ್ಬಂದಿಯ ಹುಡುಗಿ ಬಂದು ಕಸ್ಟರ್ಡಿನ ತಟ್ಟೆ ತೆಗೆದುಕೊಂಡಳು. "ಹಳೇ ಸ್ನೇಹಿತರಾ?" ಎಂದು ಕೇಳಿದಳು.

"ಒಂದೇ ವಿಶ್ವವಿದ್ಯಾಲಯದಲ್ಲಿದ್ವಿ," ಎಂದ ಕಾನ್ರಾಡ್.

ಲಯನೆಲ್ ಎದ್ದು, ಕೋಲು ಹುಡುಕಿಕೊಂಡು, ಅವನ ಹೆಗಲನ್ನು ಒಮ್ಮೆ ಮುಟ್ಟಿ ಹೊರಗೆ ಬಂದ. ಸೋನೆ ಹಿಡಿದಿತ್ತು. ಕಾರಿನ ಗಾಜಿನೊಳಗೆ ನೆಸ್ಟ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮಡಿಲಲ್ಲಿ ಫೋನು, ಕಣ್ಣ ಕೆಳಗೆ ಕಪ್ಪು. ಬಾಯಿ ತೆರೆದು ಮಲಗಿದಾಗ ಅವಳು ಅವಳ ಅಮ್ಮನ ಹಾಗೇ ಇದ್ದಳು. ಅವನು ಎಬ್ಬಿಸದೆ ಮಳೆಯಲ್ಲಿ ಸ್ವಲ್ಪ ಹೊತ್ತು ನಿಂತ. ಅವಳಿಗೇ ಎಚ್ಚರವಾಗಿ ಬಾಗಿಲು ತೆರೆದಳು.

"ಎಷ್ಟು ಹೊತ್ತಿಂದ ನಿಂತಿದ್ದೀಯಾ? ಒದ್ದೆಯಾಗಿದ್ದೀಯಲ್ಲ. ಕೂತ್ಕೋ." ಅವನ ಬೆಲ್ಟು ಎಳೆದು ಹಾಕಿದಳು. "ಏನಂದ್ರು?"

"ಅವನಿಗೂ ಗೊತ್ತಿಲ್ಲ."

ನೆಸ್ಟ ಕೀಲಿಯನ್ನು ಅರ್ಧ ತಿರುಗಿಸಿದಳು. ಗಾಜು ಒರೆಸುವ ಕಡ್ಡಿಗಳು ಒಂದು ಸಲ ಅತ್ತ ಹೋಗಿ ಇತ್ತ ಬಂದು ನಿಂತವು.

"ಹಾಗಾದ್ರೆ ಯಾರಿಗೂ ಗೊತ್ತಿಲ್ಲ," ಎಂದಳು.

"ಯಾರಿಗೂ ಇಲ್ಲ."

ಡಿಲಿಸ್ ಬದುಕಿದ್ದಷ್ಟು ಕಾಲ ಲಯನೆಲ್ ಹ್ಯಾಡೊ ತನ್ನ ಮಾತನ್ನು ಉಳಿಸಿಕೊಂಡಿದ್ದ. ಅವಳು ಸತ್ತು ಐದು ವರ್ಷವಾದ ಮೇಲೆ, ಆ ಗುರುವಾರ, ಅದನ್ನು ಮುರಿದ.